ತಾನಾಗಿ ಬಂದ ಬಣ್ಣ, ತರಿಸಿದ ಬಣ್ಣ

ಬೆಳ್ಳಿಯ ಕಾಲ್ಗೆಜ್ಜೆ ಕಪ್ಪಾಗುವುದನ್ನು ನಾವೆಲ್ಲ ಮನೆಯಲ್ಲಿ ನೋಡಿದ್ದೇವೆ. ಅದು ಕೊಳೆಯಲ್ಲ. ಗಾಳಿಯಲ್ಲಿ ಬಹಳ ಸ್ವಲ್ಪ ಇರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ತೆಳು ಪದರವಾಗುತ್ತದೆ. ಹಳೆಯ ಬೆಳ್ಳಿ ನಾಣ್ಯಕ್ಕೂ ಇದೇ ಆಗುತ್ತದೆ. ನಾಣ್ಯ ಸಂಗ್ರಹಿಸುವವರು ಇದನ್ನು ಟೋನಿಂಗ್ ಎನ್ನುತ್ತಾರೆ. ಗೆಜ್ಜೆ ಕಪ್ಪಾದರೆ ತಿಕ್ಕಿ ತೊಳೆಯುತ್ತೇವೆ, ನಾಣ್ಯಕ್ಕೆ ಚೆಂದದ ಬಣ್ಣ ಬಂದರೆ ಮಾತ್ರ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹೆಚ್ಚು ದುಡ್ಡು ಸಿಗುತ್ತದೆಂದರೆ ಬಣ್ಣ ತರಿಸಿ ಮಾರುವವರೂ ಇದ್ದೇ ಇರುತ್ತಾರೆ.

ಬೆಂಗಳೂರಿನ ಹಳೆಯ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬ್ರಿಟಿಷರ ಕಾಲದ ರೂಪಾಯಿ. 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಬೆಳ್ಳಿ ಶೇಕಡಾ 91.7. 1940ರಲ್ಲಿ ಬೆಳ್ಳಿಯನ್ನು ಶೇಕಡಾ 50ಕ್ಕೆ ಇಳಿಸಿದರು, 1947ರಲ್ಲಿ ನಿಕಲ್ ರೂಪಾಯಿ ಬಂತು. ನಾನು ಬರೆಯುತ್ತಿರುವುದು 1940ಕ್ಕಿಂತ ಹಿಂದಿನ ರೂಪಾಯಿಗಳ ಬಗ್ಗೆ.

ಮೊದಲು ಬಣ್ಣ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಬೇಕು. ಮಳೆ ಬಂದಾಗ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಬಿದ್ದರೆ ಕಾಮನಬಿಲ್ಲು ಕಾಣುತ್ತದಲ್ಲ, ಇದೂ ಹಾಗೆಯೇ. ಪದರದ ಮೇಲಿಂದ ಮತ್ತು ತಳದಿಂದ ಹಿಂತಿರುಗುವ ಬೆಳಕು ಒಂದಕ್ಕೊಂದು ಬೆರೆತು ಬಣ್ಣ ಕಾಣಿಸುತ್ತದೆ. ಪದರ ದಪ್ಪವಾಗುತ್ತಾ ಹೋದಂತೆ ಬಣ್ಣ ಒಂದು ಕ್ರಮದಲ್ಲಿ ಬದಲಾಗುತ್ತದೆ: ಮೊದಲು ತಿಳಿ ಹಳದಿ, ಆಮೇಲೆ ಚಿನ್ನದ ಬಣ್ಣ, ಕೆಂಪು ಬೆರೆತ ನೇರಳೆ, ಕಡುನೀಲಿ, ತಿಳಿನೀಲಿ. ತುಂಬ ದಪ್ಪವಾದರೆ ಕೊನೆಗೆ ಕಪ್ಪು.

ಈ ಕ್ರಮವೇ ಮುಖ್ಯ. ನಮ್ಮ ನಾನಿಯ ಟ್ರಂಕಿನಲ್ಲಿ ಬಟ್ಟೆಯ ಗಂಟಿನೊಳಗೆ 1917ರ ಐದನೇ ಜಾರ್ಜ್ ರೂಪಾಯಿ ಇದೆ. ಅದರ ಅಂಚು ನೀಲಿ, ಸ್ವಲ್ಪ ಒಳಗೆ ನೇರಳೆ, ಅದರ ಒಳಗೆ ಚಿನ್ನದ ಬಣ್ಣ, ನಡುವೆ ಬಿಳಿ. ಯಾವ ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲು ಆಗುವುದಿಲ್ಲ. ಗಂಧಕದ ಪುಡಿ, ಲಿವರ್ ಆಫ್ ಸಲ್ಫರ್ ದ್ರಾವಣ, ಶಾಖ, ಬೇಯಿಸಿದ ಮೊಟ್ಟೆಯ ಹಳದಿ, ಇಂಥವುಗಳಿಂದ ಅವಸರದಲ್ಲಿ ತರಿಸಿದ ಬಣ್ಣದಲ್ಲಿ ಈ ಮೆಟ್ಟಿಲುಗಳು ಹಲವು ಸಲ ತಪ್ಪಿರುತ್ತವೆ. ಬೆಳ್ಳಿಯ ಬಿಳುಪಿನ ಪಕ್ಕದಲ್ಲೇ ದಿಢೀರನೆ ಗಾಢ ನೀಲಿ ಬಂದಿರುತ್ತದೆ.

ಎರಡನೆಯದಾಗಿ ಅಕ್ಷರಗಳ ಸುತ್ತ ಭೂತಗನ್ನಡಿ ಹಿಡಿಯಬೇಕು. ಈ ರೂಪಾಯಿಯ ಮೇಲೆ ಇಂಗ್ಲಿಷಿನ ಕೆಳಗೆ ಉರ್ದು ಲಿಪಿಯಲ್ಲಿ ‘ಯಕ್ ರುಪಿಯಾ’ ಎಂದಿದೆ. ನಮ್ಮಲ್ಲಿ ಅನೇಕರು ಅದನ್ನು ಓದಬಲ್ಲೆವು, ಆದರೆ ಓದಿ ಬಿಡದೆ ಅಕ್ಷರಗಳ ಬುಡವನ್ನೂ ನೋಡಬೇಕು. ತಾನಾಗಿ ಬಂದ ಬಣ್ಣ ಉಬ್ಬಿದ ಅಕ್ಷರದ ಪಕ್ಕದಲ್ಲಿ ಸಾಮಾನ್ಯವಾಗಿ ಸ್ವಲ್ಪ ತಿಳಿಯಾಗಿರುತ್ತದೆ. ದ್ರಾವಣ ಹಚ್ಚಿದ್ದರೆ ಅದು ಸಂದುಗಳಲ್ಲಿ ನಿಂತು ಅಲ್ಲೇ ಗಾಢವಾಗಿರಬಹುದು, ಹರಿದು ಹೋದ ಗುರುತೂ ಉಳಿದಿರಬಹುದು. ಗೀರುಗಳನ್ನೂ ಗಮನಿಸಿ. ಹೊಸದಾಗಿ ಕಾಣುವ ಗೀರಿನ ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ, ಗೀರು ಬಿದ್ದ ಮೇಲೆ ಬಣ್ಣ ಬಂದಿದೆ ಎಂದರ್ಥ. ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ತಿರುಗಿಸಿದಾಗ ಬಣ್ಣದ ಅಡಿಯಿಂದ ಹೊಳಪು ಓಡಾಡುವುದು ಒಳ್ಳೆಯ ಲಕ್ಷಣ.

ಇಷ್ಟೆಲ್ಲ ನೋಡಿದರೂ ಕೆಲವು ನಾಣ್ಯಗಳ ಬಗ್ಗೆ ತೀರ್ಮಾನ ಹೇಳಲು ಆಗುವುದಿಲ್ಲ, ಏಕೆಂದರೆ ಎರಡೂ ಕಡೆ ಇರುವುದು ಅದೇ ಸಿಲ್ವರ್ ಸಲ್ಫೈಡ್. ಅಮೆರಿಕದ ಪಿಸಿಜಿಎಸ್, ಎನ್‌ಜಿಸಿ ಸಂಸ್ಥೆಗಳು ಬಣ್ಣದ ಮೇಲೆ ಸಂಶಯ ಬಂದರೆ ನಾಣ್ಯಕ್ಕೆ ದರ್ಜೆಯ ಅಂಕವನ್ನೇ ಕೊಡುವುದಿಲ್ಲ. ಅವರಿಗೇ ಹೀಗಾದರೆ ನಮ್ಮ ಪಾಡೇನು!

ಒಂದು ಭಾನುವಾರ ವ್ಯಾಪಾರಿಯೊಬ್ಬರ ಮೇಜಿನ ಮೇಲೆ ಒಂದೇ ಇಸವಿಯ ಎರಡು ರೂಪಾಯಿ ನೋಡಿದೆ. ನೀಲಿ ಬಣ್ಣದ್ದಕ್ಕೆ ಮೂರು ಪಟ್ಟು ಬೆಲೆ. “ಅಂಕಲ್, ಈ ಬಣ್ಣ ತಾನಾಗೇ ಬಂದಿದ್ದಾ?” ಎಂದು ಕೇಳಿದೆ. “ಹಳೇದು ಕಣಪ್ಪಾ, ಹಳೇದಕ್ಕೆ ಬಣ್ಣ ಬರ್ತದೆ” ಎಂದರು. ಮಾತು ಸುಳ್ಳಲ್ಲ, ಆದರೆ ನಾನು ಕೇಳಿದ್ದಕ್ಕೆ ಉತ್ತರವೂ ಅಲ್ಲ. ನಾನು ಕೊಳ್ಳಲಿಲ್ಲ.

ಆಗ ನನಗೆ ನೆನಪಾದದ್ದು ಸಹೀಹ್ ಮುಸ್ಲಿಮ್‌ನಲ್ಲಿರುವ ಧಾನ್ಯದ ರಾಶಿಯ ಹದೀಸ್. ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ಒದ್ದೆಯಾಗಿತ್ತು. ಮಳೆಯಿಂದ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಅವರು ಕೇಳಿದರು. ಧಾನ್ಯ ನೆನೆದದ್ದು ಮಳೆಯಿಂದ, ಅದರಲ್ಲಿ ವ್ಯಾಪಾರಿಯ ಕೈವಾಡವಿರಲಿಲ್ಲ. ಆದರೂ ಪ್ರಶ್ನೆ ಬಂದದ್ದು ಮುಚ್ಚಿಟ್ಟಿದ್ದಕ್ಕೆ. ವಾಣಿಜ್ಯ ಪಾಠದಲ್ಲಿ ಕೊಳ್ಳುವವನು ಎಚ್ಚರವಾಗಿರಲಿ ಎಂಬ ಹಳೆಯ ನಿಯಮ ಹೋಗಿ ಮಾರುವವನು ಎಚ್ಚರವಾಗಿರಲಿ ಎಂಬುದು ಬಂದಿದೆ ಎಂದು ಓದುತ್ತೇವೆ. ನನ್ನ ಪ್ರಕಾರ ನಾಣ್ಯಕ್ಕೂ ಇದು ಸಲ್ಲುತ್ತದೆ. ಬಣ್ಣ ತರಿಸಿದ್ದೇನೆ ಎಂದು ಹೇಳಿ ಮಾರಿದರೆ ಅದು ಅಲಂಕಾರದ ವಸ್ತು, ಇಷ್ಟವಿದ್ದವರು ಕೊಳ್ಳಲಿ. ಹೇಳದೆ ಮಾರಿದರೆ ಮೋಸ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುವುದೂ ಒಂದು ಉತ್ತರ.

ನಿಮ್ಮ ಮನೆಯಲ್ಲೂ ಇಂಥ ರೂಪಾಯಿ ಇದ್ದರೆ ಹುಣಸೆಹಣ್ಣು, ಪೀತಾಂಬರಿ ಹಾಕಿ ತಿಕ್ಕಬೇಡಿ. ತಿಕ್ಕಿದರೆ ಬಣ್ಣದ ಜೊತೆ ನಾಣ್ಯದ ಮೈಯೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಅಂಚಿನಲ್ಲಿ ಹಿಡಿದು ನೋಡಿ. ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಅದರಲ್ಲೂ ಗಂಧಕವಿದೆ. ಮೆತ್ತನೆಯ ಪಿವಿಸಿ ಕವರಿನಲ್ಲಿ ಇಟ್ಟರೆ ಕಾಲ ಕಳೆದಂತೆ ಹಸಿರು ಜಿಗುಟು ಹತ್ತಬಹುದು. ಆಸಿಡ್ ಇಲ್ಲದ ಕಾಗದದ ಲಕೋಟೆ ಸಾಕು.