ದೀಪವೊಂದೇ ಸಾಕ್ಷಿಯಲ್ಲ
1973ರಲ್ಲಿ ಅಮೆರಿಕದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಸಂಗಡಿಗರು ರೂಪಿಸತೊಡಗಿದ ಈಥರ್‌ನೆಟ್ ಇಂದು ಶಾಲೆಗಳ ಗಣಕಯಂತ್ರಗಳನ್ನೂ ಬೆಸೆದಿದೆ. ಅವುಗಳ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಯೇ ಸ್ವಿಚ್. ಅದರ ಪೋರ್ಟಿನ ದೀಪ ಉರಿದ ಮಾತ್ರಕ್ಕೆ ಸಂಪರ್ಕವು ನಿರ್ದುಷ್ಟವೆಂದು ಭಾವಿಸಲಾಗದು. ಗಿಗಾಬಿಟ್ ವೇಗಕ್ಕೆ ಕೇಬಲ್ಲಿನ ನಾಲ್ಕು ಜೋಡಿ ತಂತಿಗಳೂ ಬೇಕು. 100 ಮೆಗಾಬಿಟ್ಟಿಗೆ ಎರಡು ಜೋಡಿ ಸಾಕು. ಆದ್ದರಿಂದ ಉಳಿದ ಜೋಡಿಗಳಲ್ಲಿ ಒಂದು ಎಳೆ ಕಡಿದರೆ ಅನೇಕ ಸ್ವಿಚ್ಚುಗಳಲ್ಲಿ ದೀಪ ಉರಿಯುತ್ತಲೇ ಇದ್ದು, ವೇಗ ಮಾತ್ರ ಹತ್ತರಲ್ಲೊಂದಂಶಕ್ಕೆ ಇಳಿಯುತ್ತದೆ.

ನಿರ್ವಹಣಾ ಸೌಲಭ್ಯವುಳ್ಳ ಸ್ವಿಚ್ಚು ಪ್ರತಿ ಪೋರ್ಟಿನ ವೇಗವನ್ನೂ, ದಾರಿಯಲ್ಲಿ ಕೆಟ್ಟುಬಂದ ದತ್ತಾಂಶದ ಎಣಿಕೆಯಾದ ಸಿಆರ್‌ಸಿ ದೋಷಸಂಖ್ಯೆಯನ್ನೂ ತೋರಿಸುತ್ತದೆ. ಈ ಸಂಖ್ಯೆ ಏರುತ್ತಿದ್ದರೆ ಮೊದಲು ಕೇಬಲ್ಲನ್ನು, ಅನಂತರ ಪೋರ್ಟನ್ನು ಒಂದೊಂದಾಗಿ ಬದಲಿಸಿ ನೋಡತಕ್ಕದ್ದು. ಎರಡನ್ನೂ ಒಮ್ಮೆಗೇ ಬದಲಿಸಿದರೆ ದೋಷ ಯಾವುದರದೆಂದು ತಿಳಿಯದು. ಕೇಬಲ್ಲಿನ ದೋಷಕ್ಕೆ ಸ್ವಿಚ್ಚನ್ನೇ ಬದಲಿಸುವುದು ದಾನಿಗಳ ದ್ರವ್ಯದ ಅಪವ್ಯಯ. ದೋಷಸಂಖ್ಯೆಯನ್ನು ನಿಯಮದಿಂದ ಓದಿ ಬರೆದಿಡುವುದೂ ಕಾಯಕವೇ.