ಹಳಿ ತೆಗೆದ ದಾರಿಯಲ್ಲಿ ಸೈಕಲ್ ಯಾನ

ನ್ಯೂಜಿಲೆಂಡಿನ ದಕ್ಷಿಣ ದ್ವೀಪಕ್ಕೆ ಪ್ರವಾಸ ಹೊರಟವರು ಸಾಮಾನ್ಯವಾಗಿ ಕ್ವೀನ್ಸ್‌ಟೌನ್ ನೋಡಿ ಮರಳುತ್ತಾರೆ. ಅಲ್ಲಿಂದ ಕಾರಿನಲ್ಲಿ ಒಂದೂವರೆ ಗಂಟೆಯೊಳಗೆ ತಲುಪುವ ಕ್ಲೈಡ್ ಎಂಬ ಪುಟ್ಟ ಊರಿಗೂ ಹೋಗಿಬನ್ನಿ. 1990ರಲ್ಲಿ ರೈಲು ನಿಂತ ಮಾರ್ಗದ ಹಳಿ ಕಿತ್ತು, 2000ದಲ್ಲಿ ಸೈಕಲ್ ಸವಾರರಿಗೆ ತೆರೆದ ‘ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್’ ಶುರುವಾಗುವುದು ಇಲ್ಲಿಂದಲೇ. ಮಿಡಲ್‌ಮಾರ್ಚ್‌ವರೆಗೆ ಒಟ್ಟು 152 ಕಿ.ಮೀ. ಉಗಿಬಂಡಿಗೆಂದು ಮಾಡಿದ ದಾರಿಯಾದ್ದರಿಂದ ಐವತ್ತು ಅಡಿ ಸಾಗಿದರೆ ಒಂದಡಿ ಏರುವಷ್ಟೇ ಚಡಾವು. ದಿನವೂ ಸೈಕಲ್ ತುಳಿಯದವರೂ ಧೈರ್ಯವಾಗಿ ಹೊರಡಬಹುದು.

ಮೊದಲು ಕಾಲ ನೋಡಿಕೊಳ್ಳಿ. ಅಲ್ಲಿ ಡಿಸೆಂಬರ್‌ನಿಂದ ಫೆಬ್ರುವರಿ ಬೇಸಿಗೆ, ದಾರಿಯಲ್ಲಿ ನೆರಳು ಕಡಿಮೆ. ಜೂನ್–ಜುಲೈಯಲ್ಲಿ ಕೊರೆಯುವ ಚಳಿ. ಮರಗಳು ಹಳದಿಗೆ ತಿರುಗುವ ಮಾರ್ಚ್ ಕೊನೆ, ಏಪ್ರಿಲ್ ನನಗೆ ಎಲ್ಲಕ್ಕಿಂತ ಇಷ್ಟ.

ಆಮೇಲೆ ದಿನಗಳ ಲೆಕ್ಕ. ಪೂರ್ತಿ ದಾರಿಗೆ ನಾಲ್ಕು ದಿನವಾದರೂ ಇರಲಿ. ಅತಿ ಎತ್ತರದ ಜಾಗ 618 ಮೀಟರ್. ಅದು ಸಿಗುವುದು ಸುಮಾರು ನಡುದಾರಿಯಲ್ಲಿ, ವೆಡರ್‌ಬರ್ನ್ ಸಮೀಪ. ಮೊದಲ ದಿನವೇ ದೂರ ಹೋಗುವ ಆಸೆ ಬೇಡ. ಕ್ಲೈಡ್‌ನಿಂದ ಅಲೆಕ್ಸಾಂಡ್ರಾವರೆಗೆ ಹಳೆಯ ರೈಲುದಾರಿ ನೇರವಾಗಿದೆ, ನೋಡಲು ಅಷ್ಟೇನಿಲ್ಲ. ಸ್ವಲ್ಪ ಸುತ್ತಾದರೂ ಕ್ಲೂಥಾ ನದಿಯ ದಂಡೆಯ ಹಾದಿ ಹಿಡಿಯಿರಿ.

ಒಂದೇ ದಿನ ಸಿಕ್ಕರೆ? ಒಟುರೆಹುವಾ–ಲಾಡರ್ ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಆಯ್ದುಕೊಳ್ಳಿ. ಸೈಕಲ್ ಬಾಡಿಗೆ ಕೊಡುವವರೇ ವ್ಯಾನಿನಲ್ಲಿ ಒಟುರೆಹುವಾಕ್ಕೆ ಬಿಡುತ್ತಾರೆ. ಅಲ್ಲಿಂದ ಲಾಡರ್ ಕಡೆ ಹೊರಟರೆ ಒಟ್ಟಾರೆ ಇಳಿಜಾರು. ಕುರಿ ಮೇಯುವ ಬಯಲು ಮುಗಿದು ಪೂಲ್‌ಬರ್ನ್ ಕಣಿವೆ ಬಂತೆಂದರೆ ನೋಟವೇ ಬದಲಾಗುತ್ತದೆ. ಬಂಡೆ ಕೊರೆದ ಎರಡು ಸುರಂಗ, 37 ಮೀಟರ್ ಎತ್ತರದ ಕಲ್ಲುಕಂಬಗಳ ಸೇತುವೆ. 1879ರಲ್ಲಿ ಕೆಲಸ ಶುರುವಾದ ಈ ಮಾರ್ಗ ಕ್ಲೈಡ್ ಮುಟ್ಟಿದ್ದು 1907ರಲ್ಲಿ. ಗುದ್ದಲಿ, ಹಾರೆ, ಸಿಡಿಮದ್ದು ಹಿಡಿದು ದುಡಿದವರ ಶ್ರಮ ಇಲ್ಲಿ ಕಣ್ಣಿಗೆ ಕಟ್ಟುತ್ತದೆ; ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ, ಅವಸರ ಮಾಡದೆ ನೋಡಿ. ಸುರಂಗದೊಳಗೆ ಕತ್ತಲು. ಟಾರ್ಚ್ ಹಚ್ಚಿ, ಸೈಕಲ್ ತಳ್ಳಿಕೊಂಡು ನಡೆಯುವುದೇ ಕ್ಷೇಮ.

ದಾರಿಯುದ್ದಕ್ಕೂ ಜಲ್ಲಿ ಹಾಸಿದೆ. ತೆಳು ಟಯರಿನ ರೋಡ್ ಸೈಕಲ್ ಬೇಡ. ಅಗಲ ಟಯರಿನ ಮೌಂಟನ್ ಬೈಕ್ ಕೇಳಿ ಪಡೆಯಿರಿ. ಹಿರಿಯರು ಜೊತೆಗಿದ್ದರೆ ಅವರಿಗೆ ಇ–ಬೈಕ್. ಸೀಟಿನ ಎತ್ತರವನ್ನು ಅಂಗಡಿಯಲ್ಲೇ ಸರಿಮಾಡಿಸಿಕೊಳ್ಳಿ, ಮಂಡಿನೋವು ತಪ್ಪುತ್ತದೆ. ಹೆಲ್ಮೆಟ್ ಅಲ್ಲಿ ಕಾನೂನು ಪ್ರಕಾರ ಕಡ್ಡಾಯ. ಊರುಗಳ ನಡುವೆ ಅಂತರ ಹೆಚ್ಚು, ಆದ್ದರಿಂದ ಎರಡು ಬಾಟಲಿ ನೀರು, ಸನ್‌ಸ್ಕ್ರೀನ್, ಗಾಳಿ ತಡೆಯುವ ಜಾಕೆಟ್ ಕೈಗೆಟುಕುವಂತಿರಲಿ. ಉಳಿದ ಸಾಮಾನನ್ನು ಮುಂದಿನ ತಂಗುದಾಣಕ್ಕೆ ಸಾಗಿಸುವ ಸೇವೆ ಉಂಟು. ಸಸ್ಯಾಹಾರಿಗಳು ಕೊಠಡಿ ಕಾದಿರಿಸುವಾಗಲೇ ಊಟದ ವಿಷಯ ಹೇಳಿಬಿಡಿ. ಚಿಕ್ಕ ಊರುಗಳಲ್ಲಿ ಸಂಜೆ ಬೇರೆ ಹೋಟೆಲ್ ಹುಡುಕುವುದು ಕಷ್ಟ.