ನೀಲಗಿರಿ ಕಡಿದ ಜಾಗಕ್ಕೆ ಜಿಂಕೆ ಬರಬೇಕೆ?

ಪ್ರಶ್ನೆ: ಬಂಡೀಪುರ ಕಾಡಿನ ಅಂಚಿನಲ್ಲಿ ನಮ್ಮದೊಂದು ಜಮೀನಿದೆ. ಅಲ್ಲಿದ್ದ ನೀಲಗಿರಿ ಮರಗಳನ್ನು ಕಡಿಸಿದ್ದೇವೆ. ಇನ್ನು ಬೇಸಾಯ ಬೇಡ, ಜಿಂಕೆಗಳು ಮೇಯುವಂತಾದರೆ ಸಾಕು ಎಂಬ ಆಸೆ. ನೀರಿನ ತೊಟ್ಟಿ ಕಟ್ಟಿಸಿ, ಉಪ್ಪು ಇಟ್ಟರೆ ಬರುತ್ತವೆಯೇ?
– ಓದುಗರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ಬರುತ್ತವೆ. ಆದರೆ ತೊಟ್ಟಿಯೂ ಬೇಡ, ಉಪ್ಪೂ ಬೇಡ. ಎಲ್ಲೆಲ್ಲಿಂದಲೋ ಬಂದ ಪ್ರಾಣಿಗಳು ಒಂದೇ ಕಡೆ ಮುಗಿಬಿದ್ದರೆ ರೋಗ ಹರಡುವುದು ಸುಲಭ. ಜಿಂಕೆಗೆ ಬೇಕಾದದ್ದು ಮೇವು ಮತ್ತು ಮರೆ.

ಮರ ಹೋದ ಮೇಲೆ ನೆಲಕ್ಕೆ ಬಿಸಿಲು ಬೀಳುತ್ತದೆ. ಆ ಬಿಸಿಲು ಹುಲ್ಲಿಗೆ ಸಿಗುತ್ತದೋ ಲಂಟಾನಕ್ಕೋ ಎಂಬುದು ಮೊದಲ ಎರಡು ಮೂರು ಮಳೆಗಾಲದಲ್ಲೇ ತೀರ್ಮಾನವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಅಧ್ಯಯನವೊಂದರಲ್ಲಿ 1997ರಲ್ಲಿ ಶೇ 41ರಷ್ಟು ತಾಕುಗಳಲ್ಲಿ ಕಂಡಿದ್ದ ಲಂಟಾನ, 2008ರ ಹೊತ್ತಿಗೆ ಶೇ 81ರಷ್ಟರಲ್ಲಿ ಕಂಡಿತು. ಅದರ ಎಲೆ ವಿಷ. ಪೊದೆ ದಟ್ಟೈಸಿದರೆ ಅಡಿಯಲ್ಲಿ ಹುಲ್ಲೂ ಹುಟ್ಟದು.

ಲಂಟಾನವನ್ನು ಮೇಲಿಂದ ಕತ್ತರಿಸಿದರೆ ಇನ್ನಷ್ಟು ಕವಲೊಡೆಯುತ್ತದೆ. ಹಣ್ಣಾಗುವ ಮೊದಲೇ ಗುದ್ದಲಿಯಿಂದ ಬುಡ ಬಿಡಿಸಿ, ಕಾಂಡ ಮತ್ತು ಬೇರು ಕೂಡುವ ಜಾಗದಿಂದ ತುಸು ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ತಲೆಕೆಳಗಾಗಿ ಒಣಗಲು ಬಿಡಿ. ಹಕ್ಕಿಗಳು ಕೂರುವ ಮರಗಳ ಕೆಳಗೆ ಮತ್ತೆ ಸಸಿ ಏಳುತ್ತವೆ. ಪ್ರತಿ ಮಳೆಯ ನಂತರವೂ ಕಿತ್ತುಹಾಕಿ. ನೀಲಗಿರಿ ಬೊಡ್ಡೆಯ ಚಿಗುರನ್ನೂ ಮುರಿಯುತ್ತಿರಬೇಕು. ದನ, ಮೇಕೆ ಬಿಡದಿದ್ದರೆ ಹುಲ್ಲು ತಾನಾಗಿ ಹಬ್ಬುತ್ತದೆ. ಹುಲ್ಲು ಚಿಗುರಲೆಂದು ಬೆಂಕಿ ಮಾತ್ರ ಹಾಕಬೇಡಿ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದದ್ದನ್ನು ನೀವೂ ಕಂಡಿರಬೇಕು.

ಇಡೀ ಜಾಗವನ್ನು ಬಯಲು ಮಾಡಬೇಡಿ. ಚುಕ್ಕೆ ಜಿಂಕೆಗೆ ಹುಲ್ಲು ಮತ್ತು ಮರ ಸೇರುವ ಅಂಚು ಇಷ್ಟ. ಕಡವೆಗೆ ದಟ್ಟ ಮರೆ ಬೇಕು. ಕಾಡಿನ ಕಡೆಗೆ ನೆಲ್ಲಿ, ನೇರಳೆ, ಬಾರೆ, ಕಕ್ಕೆ ಬೆಳೆಸಿ. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಜಿಂಕೆ ಉದುರಿದ ಹಣ್ಣನ್ನೇ ಹುಡುಕುತ್ತದೆ. ನೆಲ್ಲಿಕಾಯಿಯನ್ನು ಇಡಿಯಾಗಿ ನುಂಗಿ, ಮೆಲುಕು ಹಾಕುವಾಗ ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಮುಂದಿನ ಸಸಿಗಳನ್ನು ಅದೇ ನೆಡುತ್ತದೆ ಅನ್ನಿ.

ಆದರೆ ಇಷ್ಟೆಲ್ಲ ಮಾಡುವ ಮೊದಲು ನಿಮ್ಮ ಜಮೀನಿನ ನಾಲ್ಕೂ ಕಡೆ ನೋಡಿ. ಅದು ನೇರವಾಗಿ ಕಾಡಿಗೆ ತಾಗಿಕೊಂಡಿದ್ದರೆ ಮುಂದುವರಿಯಿರಿ. ನಡುವೆ ಬೇರೆಯವರ ಹೊಲಗಳಿದ್ದರೆ, ನಿಮ್ಮಲ್ಲಿಗೆ ಬರುವ ಹಿಂಡು ಅವರ ಹುರುಳಿ, ಜೋಳ ಮೇಯ್ದೇ ಬರುತ್ತದೆ. ಜಿಂಕೆಯ ಹಿಂದೆ ಚಿರತೆ, ಸೀಳುನಾಯಿಗಳೂ ಬರುತ್ತವೆ. 1970ರ ದಶಕದಲ್ಲಿ ಬಂಡೀಪುರದ ಸೀಳುನಾಯಿಗಳನ್ನು ಅಧ್ಯಯನ ಮಾಡಿದ ಎ.ಜೆ.ಟಿ. ಜಾನ್‌ಸಿಂಗ್, ಅವುಗಳ ಮುಖ್ಯ ಆಹಾರ ಚುಕ್ಕೆ ಜಿಂಕೆಯೇ ಎಂದು ಕಂಡುಕೊಂಡಿದ್ದರು. ಬೆಳೆ ಕಳೆದುಕೊಂಡ ರೈತ ಉರುಳು ಹಾಕಿದರೆ, ಬೇಲಿಗೆ ಕರೆಂಟ್ ಕೊಟ್ಟರೆ, ನೀವು ಕರೆದ ಪ್ರಾಣಿಯೇ ಸಾಯುತ್ತದೆ.

ಬಂಡೀಪುರದ ಸುತ್ತಲಿನ ಊರುಗಳು 2012ರಿಂದ ಪರಿಸರ ಸೂಕ್ಷ್ಮ ವಲಯದಲ್ಲಿವೆ. ಹಾಗಾಗಿ ಇನ್ನು ಯಾವುದೇ ಮರ ಕಡಿಯುವ, ಬೇಲಿ ಹಾಕುವ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೂ ಮೊದಲು ಪಕ್ಕದ ಜಮೀನಿನವರ ಜೊತೆ ಕೂತು ಮಾತಾಡಿ. ಅವರು ಒಪ್ಪದಿದ್ದರೆ ಲಂಟಾನ ಕಿತ್ತು ಸುಮ್ಮನಿರಿ. ಕಾಡಿಗೆ ಅಷ್ಟೇ ದೊಡ್ಡ ಉಪಕಾರ.